ಅಳುವವರಿಗೆ ಬಿಟ್ಟ ಸಂದು

ಅವರಿಗೆ ತಾಳಜ್ಞಾನ ಇರಲಿಲ್ಲ ಎಂದು ಮೊದಲು ಹೇಳಿದವನು ನಾನು. ಈಗ ನಮ್ಮ ಭಜನಾ ಮೇಳದ ಹುಡುಗರೆಲ್ಲ ಅದನ್ನೇ ಹೇಳುತ್ತಾರೆ. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು, ಆ ಮಾತು ಮಾತ್ರ ಇನ್ನೂ ಊರಾಡುತ್ತಿದೆ. ಮೊನ್ನೆ ನನ್ನ ಅಂಗಡಿಗೆ ಅಂಗಿ ಹೊಲಿಸಲು ಬಂದವನೊಬ್ಬ, "ದನಿ ಛಲೋ ಇತ್ತರಿ ಅವರದು, ಆದ್ರ ತಾಳ ಇರಲಿಲ್ಲ" ಎಂದು ನನಗೇ ತಿಳಿಸಿ ಹೇಳಿದ. ಕೊರಳಿನ ಅಳತೆ ತೆಗೆಯುತ್ತಿದ್ದ ನಾನು ಹೂಂ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನು ಹೋದ ಮೇಲೆ ಕತ್ತರಿ ಕೆಳಗಿಟ್ಟು ಲೆಕ್ಕದ ವಹಿ ತೆಗೆದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರದು ಮೂಡಲಗಿಯಲ್ಲಿ ಎಣ್ಣೆಯ ಗಾಣ. ಊರೆಲ್ಲ ಅವರನ್ನು ಗಾಣದ ಕಾಕಾ ಎಂದೇ ಕರೆಯುತ್ತಿತ್ತು. ಸ್ವಂತ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ, ಹೀಗಾಗಿ ಇಲ್ಲಿಯೂ ಬರೆಯುವುದಿಲ್ಲ. ಎತ್ತರದ ಆಳು. ಗಾಣದ ಮರದ ಮೇಲೆ ಒಂದೇ ಮಗ್ಗುಲಿಗೆ ಕೂತು ಕೂತು ಬಲಗಡೆಯ ಹೆಗಲು ಇಳಿದಿತ್ತು. ನಾನು ದರ್ಜಿ, ಇಂಥದು ಮೊದಲು ನನ್ನ ಕಣ್ಣಿಗೇ ಬೀಳುತ್ತದೆ. ಅವರ ಅಂಗಿಗೆ ಎರಡು ಹೆಗಲಿಗೂ ಬೇರೆ ಬೇರೆ ಅಳತೆ ಇಡಬೇಕಾಗುತ್ತಿತ್ತು. ಹೊಸ ಬಟ್ಟೆ ತಂದುಕೊಡುವಾಗಲೇ ಅದರ ಮೇಲೆ ಐದು ಬೆರಳಿನ ಎಣ್ಣೆಯ ಗುರುತು ಮೂಡಿರುತ್ತಿತ್ತು. "ಇರಲಿ ಬಿಡು ತಮ್ಮಾ, ಗುರುತ ನಂದ ಐತಿ. ಕಳುವಾಗೂದಿಲ್ಲ" ಎನ್ನುತ್ತಿದ್ದರು.

ಗಾಣ ತಿರುಗುವಾಗ ಅವರು ಹಾಡುತ್ತಿದ್ದರು. ಹಾಡಿನ ನಡಿಗೆ ಎತ್ತಿನ ನಡಿಗೆಯೇ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಆ ಎತ್ತು ಪ್ರತಿ ಸುತ್ತಿನಲ್ಲೂ ಒಂದು ಕಡೆ ಅರೆಕ್ಷಣ ನಿಲ್ಲುತ್ತಿತ್ತು. ಅಲ್ಲಿ ಗೋಡೆಯ ಬಳಿ ಹಿಂಡಿಯ ಬುಟ್ಟಿ ಇರುತ್ತಿತ್ತು, ಅದರ ವಾಸನೆ ಮೂಗಿಗೆ ಬಡಿಯುತ್ತಿತ್ತು. ಎತ್ತು ನಿಂತಾಗ ಹಾಡೂ ನಿಲ್ಲುತ್ತಿತ್ತು. ಆಮೇಲೆ ಎರಡೂ ಕೂಡಿಯೇ ಮುಂದೆ ಹೊರಡುತ್ತಿದ್ದವು. ಅವರ ಹೆಂಡತಿ, ನಾವೆಲ್ಲ ಚಿಗವ್ವ ಎನ್ನುತ್ತಿದ್ದೆವು, ಹೊಸ್ತಿಲಲ್ಲಿ ಕೂತು ಕುಸುಬಿ ಕೇರುತ್ತ, "ನೋಡಪಾ, ಎತ್ತ ನಿಂತ್ರ ಇವರೂ ನಿಂದರತಾರ. ಇಬ್ಬರಿಗೂ ಹಿಂಡಿ ವಾಸನಿ ಬರತೈತಿ" ಎಂದು ಆಡಿಕೊಳ್ಳುತ್ತಿದ್ದಳು. ಕಾಕಾ ನಗುತ್ತಿರಲಿಲ್ಲ, ಆದರೆ ಮುಂದಿನ ಸುತ್ತಿಗೆ ಅವಳು ಹೇಳಿದ ಜಾಗದಲ್ಲಿ ಇನ್ನೂ ತುಸು ಹೆಚ್ಚು ನಿಲ್ಲುತ್ತಿದ್ದರು. ಅವರಿಗೆ ಮಕ್ಕಳು ಉಳಿಯಲಿಲ್ಲ. ಮನೆಯಲ್ಲಿ ಅವರಿಬ್ಬರು, ಒಂದು ಎತ್ತು.

ಆಗಿನ ಮೇಳವೆಂದರೆ ಮೂರೇ ಜನ. ಏಕತಾರಿ ಹಿಡಿದು ಹಾಡಲು ಕಾಕಾ, ದಮ್ಮಡಿ ಬಡಿಯಲು ಹತ್ತಿ ಹಿಂಜುವ ಲಾಲಸಾಬ, ತಾಳ ಹಾಕಲು ಅದೇ ಓಣಿಯ ಒಬ್ಬ ಮುದುಕರು. ಸೋಮವಾರ ಗುಡಿಯಲ್ಲಿ ಹಾಡುತ್ತಿದ್ದರು, ಸುಳ್ಳಲ್ಲ. ಆದರೆ ಅವರ ನಿಜವಾದ ಕೆಲಸ ಸತ್ತವರ ಮನೆಯದು. ನಮ್ಮ ಕಡೆ ತೀರಿಕೊಂಡವರಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮಣ್ಣಿಗೆ ಒಯ್ಯುವ ತನಕ ಎದುರಿಗೆ ಭಜನೆ ನಡೆಯಬೇಕು. ತುಕ್ಕಾನಟ್ಟಿ, ನಾಗನೂರುಗಳಿಂದಲೂ ಕಾಕಾಗೆ ಕರೆ ಬರುತ್ತಿತ್ತು. ಬಂದವನು ಗಾಣದ ಬಾಗಿಲಲ್ಲಿ ನಿಂತು ಬಾಯಿ ಬಿಡದೆ ಸುಮ್ಮನಿದ್ದರೆ ಸಾಕು, ಕಾಕಾ ಇಳಿದು ಎತ್ತಿನ ಕೊರಳಿನ ಹಗ್ಗ ಬಿಚ್ಚುತ್ತಿದ್ದರು. ಹೋದವರು ಯಾರು ಎಂದು ಮೊದಲು ಕೇಳುತ್ತಿರಲಿಲ್ಲ. "ಮನ್ಯಾಗ ಅಳಾವ್ರು ಯಾರ ಅದಾರ?" ಎಂದು ಕೇಳುತ್ತಿದ್ದರು.

ನಾನು ಒಂದು ನಾಟಕ ಕಂಪನಿಯಲ್ಲಿ ಎರಡು ವರ್ಷ ವೇಷದ ಬಟ್ಟೆ ಹೊಲಿದು, ಬಿಡುವಿದ್ದಾಗ ಹಾರ್ಮೋನಿಯಂ ಕಲಿತು ಊರಿಗೆ ಮರಳಿದವನು. ಬಜಾರಿನಲ್ಲಿ ಅಂಗಡಿ ಇಟ್ಟೆ. ದೊಡ್ಡ ಯುದ್ಧ ಮುಗಿದು, ಅದರ ಬೆನ್ನಿಗೇ ಬಂದ ಜ್ವರವೂ ಊರನ್ನು ಅರ್ಧ ಖಾಲಿ ಮಾಡಿಹೋದ ಕಾಲ ಅದು. ಆ ಜ್ವರದಲ್ಲಿಯೇ ತಾಳದ ಮುದುಕರೂ ಹೋಗಿದ್ದರು. ಒಂದು ದಿನ ಕಾಕಾ ಅಂಗಡಿಗೆ ಬಂದು, "ತಮ್ಮಾ, ಕಂಪನ್ಯಾಗ ಇದ್ದಾಂವ ನೀ. ತಾಳ ಹಾಕಾಕ ಬರತಿಯೇನು?" ಎಂದರು. ನನಗೆ ಒಳಗೊಳಗೇ ನಗು. ರಾಜ ಮಹಾರಾಜರ ವೇಷಕ್ಕೆ ಜರಿ ಹಚ್ಚಿ ಬಂದವನಿಗೆ ಹೆಣದ ಮುಂದೆ ತಾಳ ಹಾಕುವ ಕೆಲಸ. ಹೂಂ ಎಂದೆ.

ಮೊದಲ ಸಲ ಹೋದದ್ದು ನಾಗನೂರಿಗೆ. ಹರೆಯದ ಒಕ್ಕಲಿಗನೊಬ್ಬ ತೀರಿಕೊಂಡಿದ್ದ, ಇನ್ನೂ ಮೂವತ್ತು ದಾಟಿರಲಿಲ್ಲ. ಪಡಸಾಲೆಯಲ್ಲಿ ಅವನೆದುರು ನಾವು ಮೂವರು ಕೂತೆವು. ಕಾಕಾ ಶುರುಮಾಡಲೇ ಇಲ್ಲ. ತಲೆ ಬಗ್ಗಿಸಿ ಏಕತಾರಿಯ ಬಿರಡೆಯನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ ತಿರುಗಿಸುತ್ತ ಕೂತರು. ಜನ ನೋಡುತ್ತಿದ್ದರು. ಶುರುವಾಗಲಿ ಎಂದು ನಾನು ತಾಳ ಎತ್ತಿದೆ, ಲಾಲಸಾಬ ನನ್ನ ಮೊಣಕಾಲು ಒತ್ತಿ ಹಿಡಿದ. ಒಳಗೆ ಸತ್ತವನ ಹೆಂಡತಿ ಅಳುತ್ತಿದ್ದಳು, ದನಿ ಏರುತ್ತ ಇಳಿಯುತ್ತ ಇತ್ತು. ಆಗ ತಿಳಿಯಿತು. ಕಾಕಾ ತಂತಿಯನ್ನು ಅವಳ ಅಳುವಿಗೆ ಕೂಡಿಸುತ್ತಿದ್ದರು. ಶ್ರುತಿ ನಿಂತ ಮೇಲೆ ಮೆಲ್ಲಗೆ ಎತ್ತಿಕೊಂಡರು.

"ಬಂದ ಬಾಗಿಲ ಮುಚ್ಚಲಿಲ್ಲೋ, ಹೋಗು ಬಾಗಿಲ ತೆರಿಯಲಿಲ್ಲೋ, ನಡುವ ನಿಂತಿ ಯಾಕೋ ಜೀವಾ." ಅವರೇ ಕಟ್ಟಿದ್ದು. ಹಾಡು ಯಾವುದು, ಅಳು ಯಾವುದು ಎಂದು ಬೇರ್ಪಡಿಸಲು ಬರದ ಹಾಗೆ ಎರಡೂ ಒಂದೇ ದಾರಿಯಲ್ಲಿ ನಡೆದವು. ಚರಣ ಮುಗಿದದ್ದೇ ಕಾಕಾ ಹಾಡು ನಿಲ್ಲಿಸಿದರು, ದಮ್ಮಡಿ ನಿಂತಿತು. ನನ್ನ ತಾಳವೊಂದೇ ಆ ಖಾಲಿ ಜಾಗದಲ್ಲಿ ಟಿಣ್ ಎಂದಿತು. ಎಲ್ಲರೂ ನನ್ನತ್ತ ತಿರುಗಿ ನೋಡಿದರು. ಆಗ ಒಳಗಿನಿಂದ ಆ ಹೆಣ್ಣುಮಗಳ ದನಿ ಪೂರಾ ಹೊರಬಂತು. "ಮುಂಜಾನಿ ರೊಟ್ಟಿ ಕಟ್ಟಿದ್ನೆಲ್ಲೋ ನನ್ನ ರಾಜಾ, ಬಿಚ್ಚಲಾರದ ಹೋದೆಲ್ಲೋ" ಎಂದು ಅವಳು ಹಾಡಿಕೊಂಡು ಅತ್ತಳು. ಅವಳ ಉಸಿರು ಮುಗಿಯಿತು. ಕಾಕಾ ಎರಡನೆಯ ಚರಣ ಎತ್ತಿಕೊಂಡರು.

ಹೊರಡುವಾಗ ಅವರು ಹೊಸ್ತಿಲಲ್ಲಿ ನಿಂತು ಏಕತಾರಿಯ ತಂತಿಯನ್ನು ಪೂರಾ ಸಡಿಲು ಮಾಡಿದರು. ಸತ್ತವರ ಮನೆಯಲ್ಲಿ ನೀರು ಕುಡಿಯಬಾರದು, "ಬರತೇವಿ" ಎಂದು ಹೇಳಿ ಹೊರಡಬಾರದು, ಇವು ಎಲ್ಲರಿಗೂ ಗೊತ್ತಿದ್ದ ನೇಮಗಳು. ತಂತಿ ಸಡಿಲಿಸುವುದು ಇವರೊಬ್ಬರದು. ಒಂದು ಮನೆಯ ಶ್ರುತಿಯನ್ನು ಇನ್ನೊಂದು ಮನೆಗೆ ಒಯ್ಯಬಾರದಂತೆ. ದಾರಿಯಲ್ಲಿ ನಾನು ಕೇಳಿದೆ, "ಅಲ್ರಿ ಕಾಕಾ, ಚರಣದ ಕಡೀಕ ನಿಂದರತೀರಲ್ಲ, ಎಷ್ಟ ಮಾತ್ರಿ ಬಿಡಬೇಕ್ರಿ?"

"ಆಕಿ ಉಸರ ಮುಗಿಯು ತನಕ."

"ಎಣಿಸಾಕ ಒಂದ ಲೆಕ್ಕ ಬೇಕಲ್ಲರಿ."

"ಅಳಾವ್ರಿಗೆ ಸಂದ ಬಿಡಬೇಕ ತಮ್ಮಾ. ಲೆಕ್ಕ ಆಕಿ ಕಡೆ ಇರತೈತಿ, ನಮ್ಮ ಕಡೆ ಇಲ್ಲ" ಎಂದು ಅವರು ಚಕ್ಕಡಿಯಲ್ಲಿ ಕಣ್ಣು ಮುಚ್ಚಿದರು. ನನಗೆ ಆ ಮಾತು ಹಿಡಿಸಲಿಲ್ಲ. ಹೊಲಿಗೆಯಲ್ಲಿ ಸಂದು ಬಿಟ್ಟರೆ ಗಿರಾಕಿ ಅಂಗಿ ತಿರುಗಿ ಎಸೆಯುತ್ತಾನೆ. ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಒಂದು ಮಾತ್ರೆ ಖಾಲಿ ಬಿಟ್ಟರೆ ಒಳಗಿನಿಂದ ಬೈಗುಳ ಬರುತ್ತಿತ್ತು. ನಾನು ಎರಡೂ ಕಡೆ ಕಲಿತದ್ದು ತುಂಬುವುದನ್ನೇ.

ಸಂದಿನ ಕಥೆಯನ್ನು ನನಗೆ ಹೇಳಿದವನು ಲಾಲಸಾಬ. ಕಾಕಾನದೇ ಓರಿಗೆಯವನು, ಮೀಸೆಯಲ್ಲಿ ಯಾವಾಗಲೂ ಹತ್ತಿಯ ಎಳೆ ಸಿಕ್ಕಿರುತ್ತಿತ್ತು. "ನಮಗೂ ಮೊದಲ ಗೊತ್ತಿರಲಿಲ್ಲೋ" ಎಂದ. "ಪ್ಲೇಗಿನ ಕಾಲ. ಒಂದ ಮನ್ಯಾಗ ಗಂಡ ಹೋಗಿದ್ದ, ಹೆಣ್ಣಮಗಳು ಇನ್ನಾ ಸಣ್ಣಾಕಿ. ನಾವು ಹುರುಪಿಲೆ ಮುಂಜಾನಿಂದ ಮಣ್ಣಿನ ತನಕ ನಿಂದರಲಾರದ ಹಾಡಿದ್ವಿ. ಮಂದಿ ಶಾಬಾಸ್ ಅಂದ್ರು. ಆಕಿ ಕಣ್ಣಾಗ ಒಂದ ಹನಿ ಬರಲಿಲ್ಲ. ಮುಂದ ಆಕಿ ಮಾತ ಬಿಟ್ಲು. ಗಾಣಕ್ಕ ಎಣ್ಣಿ ಒಯ್ಯಾಕ ಬರತಿದ್ಲು, ಬಟ್ಟಲ ಮುಂದ ಹಿಡೀತಿದ್ಲು ಅಷ್ಟ. ಸಾಯೂ ತನಕ ಹಂಗ ಇದ್ಲು. ನಿಮ್ಮ ಕಾಕಾ ದಿನಾ ಆಕಿ ಬಟ್ಟಲಕ್ಕ ಎಣ್ಣಿ ಹಾಕ್ಯಾನ. ಅವತ್ತಿನ ಅಳು ಅವತ್ತ ಬರಬೇಕೋ, ನಾಳಿಗಿ ಬರೂದಿಲ್ಲ."

ಕೇಳಿದೆ. ಆದರೆ ಅದು ಹಳೆಯ ಕಾಲದ ಮಾತು ಎಂದುಕೊಂಡೆ. ಹರೆಯದಲ್ಲಿ ಪರರ ಅನುಭವ ತಲೆಗೆ ಹತ್ತುವುದಿಲ್ಲ.

ಕೆಲವು ವರ್ಷಗಳಲ್ಲಿ ನಾನಿದ್ದ ಕಂಪನಿ ಗೋಕಾಕದಲ್ಲಿ ಮುಳುಗಿತು. ಸಾಮಾನು ಮಾರುವಾಗ ಅದರ ಪೇಟಿಯನ್ನು ನಾನು ತಂದೆ, ಅದೇ ಹಾರ್ಮೋನಿಯಂ. ಕಾಕಾ ಮುನಿಯಲಿಲ್ಲ. ಹಳಬರೆಲ್ಲ ಹೊಸದನ್ನು ಕಂಡು ಮೂಗು ಮುರಿಯುತ್ತಾರೆ ಎನ್ನುವುದು ಅವರ ವಿಷಯದಲ್ಲಿ ಸುಳ್ಳು. ಮಗುವಿನ ಹಾಗೆ ಅದರ ಮುಂದೆ ಕೂತು ಒಂದೊಂದೇ ಸುರದ ಮನೆ ಒತ್ತಿ ನೋಡಿದರು, ಬಿಳಿಯ ಮನೆಗಳ ಮೇಲೆಲ್ಲ ಎಣ್ಣೆಯ ಬೆರಳು ಮೂಡಿದವು. ಆಮೇಲೆ ಕೇಳಿದರು, "ಇದರ ಸುರಾ ಸಡ್ಲ ಮಾಡಾಕ ಬರತೈತೇನು?"

"ಇಲ್ಲರಿ ಕಾಕಾ. ಒಮ್ಮಿ ಕೂಡಿಸಿದ್ದು ಕೂಡಿಸಿದ್ದ."

"ಹಂಗಾರ ಅಳಾವ್ರ ಇದರ ಸುರಕ್ಕ ಬರಬೇಕಾತು" ಎಂದು ನಕ್ಕರು. ಅವರು ನಕ್ಕದ್ದರಿಂದ ನಾನೂ ನಕ್ಕೆ. ಅಂದಿನಿಂದ ನಾನು ತಾಳ ಬಿಟ್ಟು ಪೇಟಿಗೆ ಕೂತೆ.

ಒಮ್ಮೆ ಗೋಕಾಕದ ಗಿರಣಿ ಕೆಲಸಗಾರರ ಸಾಲುಮನೆಗಳಲ್ಲಿ ಯಾರೋ ಹೋಗಿದ್ದರು. ಹಾಡಿ ಮುಗಿಸಿ, ಹೊಳೆಯಲ್ಲಿ ಮುಳುಗೆದ್ದು, ಒಂದು ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ಅಲ್ಲಿ ಗ್ರಾಮೋಫೋನು ಇತ್ತು. ಕಾಕಾ ಮೊದಲ ಸಲ ಕೇಳಿದ್ದು ಅದನ್ನು. ಚಹಾ ಆರಿಹೋಯಿತು, ಒಂದರ ಮೇಲೊಂದು ಪ್ಲೇಟು ಹಾಕಿಸಿ ಕೇಳಿದರು. ಲಾಲಸಾಬ, "ಹೆಂಗ ಹಾಡತಾನ?" ಎಂದ. "ದನಿ ಬಂಗಾರ ಐತಿ" ಎಂದರು ಕಾಕಾ. "ಆದ್ರ ಪಾಪ, ಪ್ಲೇಟ ಮುಗೀತೈತಿ ಅಂತ ಅವಸರ ಅವಗ. ಎಲ್ಲೂ ನಿಂದರಾಕ ಆಗವಲ್ದು." ನನಗೆ ಅಂದು ಅನಿಸಿದ್ದೇ ಬೇರೆ. ಹಾಡೆಂದರೆ ಹೀಗಿರಬೇಕು, ಒಂದು ಕೂದಲು ತೂರಿಸಲೂ ಜಾಗ ಇರಬಾರದು ಎಂದುಕೊಂಡೆ.

ಅಷ್ಟರಲ್ಲಿ ಹುಕ್ಕೇರಿಯ ವ್ಯಾಪಾರಿಗಳು ಕೂಡಿ ಭಜನಾ ಪಂದ್ಯ ಇಟ್ಟರು. ಆಗ ನಾವು ಏಳು ಜನ ಆಗಿದ್ದೆವು. ನಾನೇ ಕುಣಿದಾಡಿ ಎಲ್ಲರನ್ನೂ ಹೊರಡಿಸಿದೆ. ಪರೀಕ್ಷೆಗೆ ಹೊರಗಿನಿಂದ ಸಂಗೀತದ ಮಾಸ್ತರರೊಬ್ಬರು ಬಂದಿದ್ದರು. ಕಾಕಾ ತಮ್ಮದೇ ರೀತಿಯಲ್ಲಿ ಹಾಡಿದರು. ಮೊದಲ ಚರಣ ಮುಗಿದಾಗ ನಿಂತರು. ಎದುರಿಗಿದ್ದ ನೂರಾರು ಜನರಲ್ಲಿ ಅಳುವವರು ಯಾರಿದ್ದರು? ಯಾರೋ ಕೆಮ್ಮಿದರು, ಹಿಂದಿನ ಸಾಲಿನಲ್ಲಿ ಹುಡುಗರು ಕಿಸಕ್ಕೆಂದರು. ಮಾಸ್ತರರು ಕೊನೆಗೆ ಎದ್ದುನಿಂತು, "ಮೂಡಲಗಿಯವರ ದನಿ ಉತ್ತಮ. ಆದರೆ ಪ್ರತಿಯೊಂದು ಚರಣದ ಕೊನೆಗೂ ತಾಳ ತಪ್ಪುತ್ತದೆ" ಎಂದು ಹೇಳಿ ಬೇರೆಯವರಿಗೆ ಬಹುಮಾನ ಕೊಟ್ಟರು.

ಸೋತು ಚಕ್ಕಡಿಯಲ್ಲಿ ಮರಳುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ. ಎಲ್ಲರೂ ಕೇಳುವ ಹಾಗೆ ಹೇಳಿದೆ, "ಇದ್ದದ್ದ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಕಾಕಾಗ ತಾಳ ಇಲ್ಲ."

ಲಾಲಸಾಬ ನನ್ನನ್ನು ದುರುಗುಟ್ಟಿ ನೋಡಿದ. ಕಾಕಾ ಚಕ್ಕಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದರು, ತಿರುಗಲಿಲ್ಲ. ಒಂದು ಹರದಾರಿ ಹೋದ ಮೇಲೆ ಅವರ ದನಿ ಬಂತು. "ಖರೆ ಐತಿ ತಮ್ಮಾ. ಪಂದ್ಯದಾಗ ಯಾರ ಅಳತಾರ? ಅಲ್ಲಿ ತುಂಬ್ರಿ."

ಅಲ್ಲಿ ತುಂಬಿರಿ ಎಂದರು. ನಾನು ತುಂಬಿರಿ ಎಂಬುದನ್ನಷ್ಟೇ ಕೇಳಿಸಿಕೊಂಡೆ. ವರ್ಷವಿಡೀ ಕೂತು ಪ್ರತಿ ಚರಣದ ಕೊನೆಗೂ ಪೇಟಿಯ ಒಂದೊಂದು ತುಣುಕು ಕೂಡಿಸಿದೆ. ಸಂದು ಎಲ್ಲಿತ್ತೆಂದು ಹುಡುಕಿದರೂ ಸಿಗಬಾರದು, ಹಾಗೆ ಹೊಲಿದೆ. ಮರುವರ್ಷ ಹುಕ್ಕೇರಿಯ ಬೆಳ್ಳಿ ಬಟ್ಟಲು ನಮಗೆ ಬಂತು. ಕಾಕಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದರು, ಚಿಗವ್ವ ಅದಕ್ಕೆ ಕುಂಕುಮ ಹಚ್ಚಿದಳು. ಅವರಿಗೆ ಸಂತೋಷವಾಗಿತ್ತು. ಇದರಲ್ಲಿ ನಾನು ಸುಳ್ಳು ಹೇಳುತ್ತಿಲ್ಲ.

ಬಟ್ಟಲು ಬಂದ ಮೇಲೆ ಮೇಳ ಬೆಳೆಯಿತು. ಮಿರಜದಿಂದ ತಬಲಾ ಬಂತು, ಅದನ್ನು ಬಾರಿಸುವ ಹುಡುಗ ಬಂದ. ಬಾಳಪ್ಪನೆಂಬ ಒಳ್ಳೆಯ ಕಂಠದವನು ಸೇರಿದ. ಎಲ್ಲರಿಗೂ ಒಂದೇ ಥಾನಿನ ಬಟ್ಟೆಯ ಬಿಳಿ ಅಂಗಿ ನಾನೇ ಹೊಲಿದೆ. ನಾಟಕದ ಮಟ್ಟುಗಳನ್ನು ಹಳೆಯ ಪದಗಳಿಗೆ ಹೊಂದಿಸಿದೆ. ಜನ ನನ್ನನ್ನು ಪೇಟಿ ಮಾಸ್ತರ ಎನ್ನತೊಡಗಿದರು. ಆ ಹೆಸರು ಕಿವಿಗೆ ಬಿದ್ದಾಗ ಎದೆ ಉಬ್ಬುತ್ತಿತ್ತು. ಮುಂದೆ ಸತ್ತವರ ಮನೆಗೂ ಜನ ಇದೇ ಮೇಳವನ್ನು ಬಯಸಿದರು. ಅದು ಆ ಮನೆಗೆ ದೊಡ್ಡಸ್ತಿಕೆಯಾಯಿತು. ಮೊದಮೊದಲು ಅಂಥ ಮನೆಗಳಲ್ಲಿ ಕಾಕಾ ಚರಣದ ಕೊನೆಗೆ ಎಡಗೈ ತುಸು ಎತ್ತುತ್ತಿದ್ದರು, ನಿಲ್ಲಿರಿ ಎಂದು. ನಾನು ನಿಲ್ಲುತ್ತಿದ್ದೆ. ಆಮೇಲೆ ಬೆರಳುಗಳು ರೂಢಿಗೆ ಬಿದ್ದವು, ಕೈ ಎತ್ತಿದ್ದು ಕಂಡರೂ ಕಾಣದಂತಾಯಿತು. ಅವರ ದನಿಯೂ ಇಳಿಯುತ್ತ ಬಂತು. ಪೇಟಿಯ ಸುರ ಇಳಿಯುವಂಥದ್ದಲ್ಲ. ಮುಂದಿನ ಸಾಲು ಬಾಳಪ್ಪನಿಗೆ ಹೋಯಿತು, ಕಾಕಾ ಹಿಂದೆ ಕೂತು ಪಲ್ಲವಿಗೆ ದನಿಗೂಡಿಸುವವರಾದರು. ಯಾರೂ ಅವರಿಗೆ ಹಿಂದೆ ಕೂತುಕೊಳ್ಳಿರಿ ಎಂದು ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ.

ಲಾಲಸಾಬ ತೀರಿಕೊಂಡ. ಅವರಲ್ಲಿ ಸತ್ತವರ ಮುಂದೆ ಹಾಡುವ ಪದ್ಧತಿ ಇಲ್ಲ. ಕಾಕಾ ಆದರೂ ಏಕತಾರಿ ಹಿಡಿದೇ ಹೋದರು. ತಂತಿ ಬಿಗಿಯದೆ, ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತರು. ಒಳಗೆ ಲಾಲಸಾಬನ ಮಗಳು ಅತ್ತಾಗಲೆಲ್ಲ ತಲೆ ಎತ್ತಿ ಕೇಳಿ, ಮತ್ತೆ ಬಗ್ಗಿಸುತ್ತಿದ್ದರು. ಹೊರಗೆ ಎಲ್ಲರ ಎದುರಿಗೇ ಅವರ ಕಣ್ಣಿನಿಂದಲೂ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಹಾಡಿಲ್ಲದ ಆ ಮನೆಯಲ್ಲಿ ಅವರು ಹೊಟ್ಟೆ ತುಂಬ ಅತ್ತರು. ಕಾಕಾ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಊರಿಗೆ ಎಣ್ಣೆ ತೆಗೆಯುವ ಎಂಜಿನ್ನು ಬಂದು ಗಾಣ ನಿಂತಿತು. ಎತ್ತನ್ನು ಕೊಟ್ಟುಬಿಟ್ಟರು. ಅದರ ಮರುವರ್ಷವೇ ಚಿಗವ್ವ ಹೋದಳು. ಮೂರು ದಿನದ ಜ್ವರ, ಅಷ್ಟೇ.

ಅಂದು ಬೆಳಿಗ್ಗೆ ಕಾಕಾನೇ ನನ್ನ ಅಂಗಡಿಯ ಬಾಗಿಲಿಗೆ ಬಂದು ಸುಮ್ಮನೆ ನಿಂತರು. ನಾನು ಮಶೀನಿನಿಂದ ಕಾಲು ತೆಗೆದೆ. ಅವರಿಗಾಗಿ ನನ್ನಿಂದ ಆಗುವುದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಮಾಡಬೇಕು ಎನಿಸಿತು. ಮೇಳದ ಹದಿನಾಲ್ಕು ಜನರಿಗೂ ಹೇಳಿಕಳಿಸಿದೆ. ಬಿಳಿ ಅಂಗಿ ತೊಟ್ಟು ಬರಲು ಹೇಳಿದೆ. ಗಾಣದ ಪಡಸಾಲೆಯಲ್ಲಿ ಚಿಗವ್ವನನ್ನು ಕೂಡಿಸಿದ್ದರು. ನಾವು ಎದುರಿಗೆ ಕೂತೆವು. ಕಾಕಾ ಮೇಳದ ಸಾಲಿನಲ್ಲಿ ಕೂಡದೆ ಅವಳ ಕಾಲ ಹತ್ತಿರ ಕೂತರು.

ಬಾಳಪ್ಪ ಎತ್ತಿಕೊಂಡದ್ದು ಕಾಕಾನದೇ ಪದ. ಮೊದಲ ಚರಣ ಮುಗಿಯಿತು. ಕಾಕಾ ಗದ್ದ ಎತ್ತಿದರು, ಬಾಯಿ ತೆರೆಯಿತು. ಅಷ್ಟರಲ್ಲಿ ನನ್ನ ಬೆರಳು ಓಡಿಯಾಗಿತ್ತು. ಅವರು ಬಾಯಿ ಮುಚ್ಚಿದರು. ಜೊತೆಗೂಡಿ ಹಾಡಬೇಕೆಂದಿದ್ದಾರೆ ಎಂದುಕೊಂಡೆ. ಎರಡನೆಯ ಚರಣದ ಕೊನೆಗೆ ಮತ್ತೆ ಅವರು ಉಸಿರು ತೆಗೆದುಕೊಂಡರು, ಇಳಿದ ಹೆಗಲೂ ಮೇಲೆದ್ದಿತು. ಅವರಿಗಿಂತ ಮೊದಲು ಪೇಟಿ ಅಲ್ಲಿಗೆ ಹೋಗಿ ಮುಟ್ಟಿತು. ಮೂರನೆಯ ಸಲ ಅವರು ನನ್ನ ಮುಖ ನೋಡಿದರು. ಎಡಗೈ ನೆಲದಿಂದ ತುಸು ಎದ್ದಿತು.

ಕಾಣಲಿಲ್ಲ ಎಂದು ಬರೆದರೆ ಯಾರೂ ನನ್ನನ್ನು ಹಿಡಿಯುವವರಿಲ್ಲ. ಆದರೆ ಕಂಡೆ. ಅವರು ಬಾಯಿ ತೆರೆದದ್ದು ಹಾಡಲು ಅಲ್ಲ, ಅಳಲು ಎಂದು ನಾಲ್ಕನೆಯದಕ್ಕೆ ತಿಳಿದೂ ಹೋಯಿತು. ಅಂಗಳ ತುಂಬ ಜನ. ಗೋಕಾಕದಿಂದಲೂ ಬಂದಿದ್ದರು, ಹುಕ್ಕೇರಿಯ ವ್ಯಾಪಾರಿಗಳಿಬ್ಬರು ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದರು. ಬಾಳಪ್ಪನ ದನಿ ಅಂದಿನಷ್ಟು ಚೆನ್ನಾಗಿ ಎಂದೂ ಕೂಡಿಬಂದಿರಲಿಲ್ಲ. ಈಗ ನಿಂತರೆ ಮೂಡಲಗಿಯವರು ತಾಳ ತಪ್ಪಿದರು ಎನ್ನುತ್ತಾರೆ. ಇದೊಂದು ಚರಣ ಆಗಲಿ, ಮುಂದಿನದಕ್ಕೆ ನಿಲ್ಲಿಸುತ್ತೇನೆ ಎಂದುಕೊಂಡೆ. ಮುಂದಿನದಕ್ಕೂ ಅದನ್ನೇ ಅಂದುಕೊಂಡೆ. ಹೊತ್ತು ನೆತ್ತಿಗೆ ಬಂತು, ಎತ್ತುವ ಹೊತ್ತಾಯಿತು ಎಂದು ಹಿರಿಯರು ಎದ್ದರು. ಕಾಕಾ ಎಲ್ಲರ ಜೊತೆ ಒಣಗಿದ ಕಣ್ಣಿನಿಂದ ಮಣ್ಣಿಗೆ ನಡೆದು ಹೋದರು. ಗಟ್ಟಿ ಮನುಷ್ಯ, ಒಂದು ಹನಿ ತೆಗೆಯಲಿಲ್ಲ ಎಂದು ಜನ ಮಾತಾಡಿಕೊಂಡರು.

ಐದನೆಯ ದಿನ ಅವರು ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೂತರು. ನಾನು ತಲೆ ಎತ್ತಲಿಲ್ಲ.

"ಛಲೋ ಬಾರಿಸಿದಿ ತಮ್ಮಾ" ಎಂದರು. "ಎಲ್ಲೂ ಸಂದ ಬಿಡಲಿಲ್ಲ."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಒಬ್ಬ ಕೆಲಸಗಾರ ಇನ್ನೊಬ್ಬನ ಕೆಲಸವನ್ನು ನೋಡಿ ಹೇಳುವ ರೀತಿಯಲ್ಲಿ ಹೇಳಿದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಕಾಕಾ, ತಪ್ಪಾತ್ರಿ" ಎಂದೆ. "ಇವತ್ತ ನಿಮ್ಮ ಮನಿಗಿ ಬರತೇನಿ. ಪೇಟಿ ತರೂದಿಲ್ಲ. ನೀವು ಏಕತಾರಿ ಹಿಡೀರಿ, ನಾ ತಾಳ ಹಾಕತೇನಿ. ಇಬ್ಬರ ಹಾಡೂಣು."

ಅವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. "ಬಾ ಅಂದ್ರ ಬರತೈತೇನೋ ಅದು" ಎಂದು ಎದ್ದು ಹೋದರು.

ಆಮೇಲೆ ಮೇಳಕ್ಕೆ ಬರಲಿಲ್ಲ. ಐದು ವರ್ಷ ಬದುಕಿದ್ದರು. ನಾನು ಆಗಾಗ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಹೆಚ್ಚು ಮಾತಿಲ್ಲ. ಬೆಳಿಗ್ಗೆ ನಿಂತುಹೋದ ಗಾಣದ ಸುತ್ತ, ಎತ್ತು ತುಳಿದು ತಗ್ಗಾದ ದಾರಿಯಲ್ಲಿ ಅವರೇ ನಡೆಯುತ್ತಿದ್ದರು. ಹಾಡಿಲ್ಲ. ತಲೆ ಕೆಟ್ಟಿದೆ ಎಂದು ಕೆಲವರು ಅಂದರು. ತಲೆ ನೆಟ್ಟಗೇ ಇತ್ತು. ಒಮ್ಮೆ ನನ್ನನ್ನು ಕಂಡು ತಾವಾಗಿ ಹೇಳಿದರು, "ನಿಮ್ಮ ಚಿಗವ್ವನ ನೆನಪ ಬರತೈತಿ ತಮ್ಮಾ. ಇಲ್ಲಿ ತನಕ ಬರತೈತಿ" ಎಂದು ಗಂಟಲು ಮುಟ್ಟಿಕೊಂಡರು. "ಇಲ್ಲೇ ನಿಂದರತೈತಿ." ನಾನು ರೊಟ್ಟಿಯ ಗಂಟು ಇಟ್ಟು ಬಂದೆ.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅದೇ ಗಾಣಕ್ಕೆ ಆನಿಕೊಂಡು ಕೂತಲ್ಲಿಯೇ ಹೋಗಿದ್ದರು. ಅವರ ಅಣ್ಣನ ಮಗನೊಬ್ಬ ನಿಡಸೋಸಿಯಿಂದ ಬಂದ, ಕಾಕಾನನ್ನು ಎರಡೋ ಮೂರೋ ಸಲ ಕಂಡವನು. ಮೇಳದ ಹುಡುಗರು ಬಿಳಿ ಅಂಗಿ ತೊಟ್ಟು ಸಾಲಾಗಿ ಕೂತರು. ಶುರುಮಾಡುವ ಮೊದಲು ನಾನು ಹೇಳಿದೆ, "ಇವತ್ತ ಚರಣ ಮುಗದ ಕೂಡಲೇ ಎಲ್ಲಾರೂ ನಿಂದರ್ರಿ. ನಾ ಕೈ ಎತ್ತತೇನಿ."

ತಬಲಾದ ಹುಡುಗ ಕೇಳಿದ, "ಆತ್ರಿ ಮಾಸ್ತರ. ಎಷ್ಟ ಮಾತ್ರಿ ಬಿಡೂಣ್ರಿ?"

"ನೋಡಿಕೋತ ಬಿಡ್ರಿ" ಎಂದೆ.

ಮೊದಲ ಚರಣ ಮುಗಿದಾಗ ಕೈ ಎತ್ತಿದೆ. ಹುಡುಗ ಎರಡು ಮಾತ್ರೆ ತಡೆದ. ಮೂರನೆಯದಕ್ಕೆ ಅವನ ಬೆರಳುಗಳು ತಾವಾಗಿಯೇ ಒಂದು ಚಿಕ್ಕ ತುಣುಕು ನುಡಿಸಿಬಿಟ್ಟವು. ಎರಡನೆಯ ಚರಣದ ಕೊನೆಗೆ ಬಾಳಪ್ಪ ಕಣ್ಣು ಮುಚ್ಚಿ ಆಲಾಪ ಎಳೆದ. ಅವರ ತಪ್ಪೇನೂ ಇಲ್ಲ. ಖಾಲಿ ಬಿಡುವುದು ಅವರಿಗೆ ಬರುವುದಿಲ್ಲ, ನಾನು ಕಲಿಸಿಲ್ಲ. ಪೇಟಿಗೆ ಗಾಳಿ ತುಂಬುವ ಭಾತೆಯಿಂದ ಕೈ ತೆಗೆದೆ. ಅದು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ, ಹಾಡು ನಾನಿಲ್ಲದೆಯೂ ಭರ್ತಿಯಾಗಿತ್ತು.

ಎದುರಿಗೆ ಕಾಕಾ ವಿಭೂತಿ ಹಚ್ಚಿಸಿಕೊಂಡು ಕೂತಿದ್ದರು. ನಾನು ಹೊಲಿದ ಅಂಗಿಯೇ ಮೈಮೇಲಿತ್ತು. ನನಗೆ ಅಳು ಗಂಟಲಿಗೆ ಬಂದಿತ್ತು. ಪ್ರತಿ ಚರಣದ ಕೊನೆಗೂ ಬಾಯಿ ತೆರೆದೆ. ಮಣ್ಣಿಗೆ ಎತ್ತುವ ತನಕ ಹುಡುಗರು ಎಲ್ಲಿಯೂ ನಿಲ್ಲಲಿಲ್ಲ.